ತೋಟದಲ್ಲಿ ಆನೆ ಇದೆಯಂತೆ, ಈಗೇನು ಮಾಡೋದು? – ಕಾಫಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಕೊಡಗಿನ ಸಿದ್ದಾಪುರ, ಪೊನ್ನಂಪೇಟೆ ಕಡೆಯ ಬೆಳೆಗಾರರು ಮತ್ತು ತೋಟದ ಕೆಲಸದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಬಂಡೀಪುರ, ನಾಗರಹೊಳೆ ಅಂಚಿನ ರಾಗಿ, ಮುಸುಕಿನ ಜೋಳದ ರೈತರ ಸ್ಥಿತಿ ಬೇರೆ. ಅದನ್ನು ಸಂಬಂಧ ಬಂದ ಕಡೆ ಹೇಳಿದ್ದೇವೆ.

ಕಾಡು ಬಿಟ್ಟು ಆನೆಗಳು ನಮ್ಮ ತೋಟಕ್ಕೇ ಯಾಕೆ ಬರುತ್ತವೆ?

ಬಂಡೀಪುರದ ಅಂಚಿನಲ್ಲಿ ಈ ಪ್ರಶ್ನೆ ಸರಿ. ಅಲ್ಲಿ ಆನೆ ಕತ್ತಲಾದ ಮೇಲೆ ಕಾಡಿನಿಂದ ಇಳಿಯುತ್ತದೆ, ಹೊಲ ಮೇಯುತ್ತದೆ, ಬೆಳಕು ಹರಿಯುವಷ್ಟರಲ್ಲಿ ವಾಪಸ್ ಹೋಗುತ್ತದೆ. ಆಲೂರು–ಸಕಲೇಶಪುರದಲ್ಲಿ ಹಾಗಿಲ್ಲ. ಇಲ್ಲಿನ ಎಷ್ಟೋ ಆನೆಗಳು ತೋಟದಲ್ಲೇ ಹುಟ್ಟಿ ತೋಟದಲ್ಲೇ ಬೆಳೆದವು. ಹಗಲು ಕಾಫಿ ಗಿಡದ ನೆರಳಲ್ಲೋ ಪಕ್ಕದ ಸಣ್ಣ ಮೀಸಲು ಅರಣ್ಯದಲ್ಲೋ ನಿಂತಿರುತ್ತವೆ, ಸಂಜೆಯಾದರೆ ಗದ್ದೆಗೆ ಇಳಿಯುತ್ತವೆ. ಓಡಿಸಬೇಕಾದ ಕಾಡು ಯಾವುದು ಎಂದು ಕೇಳಿದರೆ ಅರಣ್ಯ ಇಲಾಖೆಯವರ ಹತ್ತಿರವೂ ನೇರ ಉತ್ತರವಿಲ್ಲ.

ಆನೆಯ ಲೆಕ್ಕದಲ್ಲಿ ಕಾಫಿ ತೋಟಕ್ಕಿಂತ ಒಳ್ಳೆಯ ಜಾಗ ಬೇಕೆ? ನೆರಳಿದೆ, ಕೆರೆಯಿದೆ, ಬೇಸಿಗೆಯಲ್ಲೂ ನೀರಿದೆ. ಹಲಸು, ಬಾಳೆ, ಬೈನೆ (ತಾಳೆ ಜಾತಿಯ ಮರ) ಎಲ್ಲ ಕಾಲಬುಡದಲ್ಲೇ. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಹಾಲುದುಂಬಿದ ಭತ್ತದ ಗದ್ದೆ ಸಿಕ್ಕರೆ ಕಾಡಿನಲ್ಲಿ ದಿನವಿಡೀ ಅಲೆಯುವ ಕೆಲಸ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಇನ್ನೊಂದು ಕಡೆ ಹೇಮಾವತಿ, ಹಾರಂಗಿ ಹಿನ್ನೀರು, ರಸ್ತೆ, ಲೇಔಟು, ಹೋಂಸ್ಟೇ ಎಲ್ಲ ಸೇರಿ ಹಳೆಯ ದಾರಿಗಳು ತುಂಡಾಗಿವೆ. ಬಂಡೀಪುರದ ಕಡೆ ಲಂಟಾನ ಎಂಬ ಕಳೆ ಪೊದೆ ಹಬ್ಬಿ ಹುಲ್ಲು ಕಡಿಮೆಯಾಗಿದ್ದು ಇನ್ನೊಂದು ಕಾರಣ.

ಆನೆಗಳ ಸಂಖ್ಯೆ ಜಾಸ್ತಿ ಆಗಿದ್ದಕ್ಕೇ ಇಷ್ಟು ತೊಂದರೆ ಅಲ್ಲವೇ?

ದೇಶದಲ್ಲಿ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದೇ. 2017ರ ಗಣತಿಯಲ್ಲಿ 6,049 ಇದ್ದವು, 2023ರ ಅಂದಾಜಿನಲ್ಲಿ 6,395. 2025ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಲೆಕ್ಕ 6,013 ಎನ್ನುತ್ತದೆ. ಈ ಕೊನೆಯದರ ವಿಧಾನವೇ ಬೇರೆ, ಹಾಗಾಗಿ ಹಿಂದಿನದರ ಜೊತೆ ಹೋಲಿಸಿ ‘ಕಡಿಮೆಯಾಯಿತು’ ಎನ್ನುವಂತಿಲ್ಲ. 2023ರಲ್ಲಿ ಬಂಡೀಪುರವೊಂದರಲ್ಲೇ 1,116 ಆನೆಗಳಿದ್ದವು. ಹಾಸನದ ಆನೆಗಳು ಅದರ ಮುಂದೆ ಬೆರಳೆಣಿಕೆಯಷ್ಟು. ಆದರೂ ಸಾವು, ರಸ್ತೆ ತಡೆ, ಬಂದ್ ಎಲ್ಲ ಇಲ್ಲೇ ಜಾಸ್ತಿ ಸುದ್ದಿ. ಎಷ್ಟು ಆನೆ ಇದೆ ಎನ್ನುವುದಕ್ಕಿಂತ ಎಲ್ಲಿ ಇದೆ ಎನ್ನುವುದೇ ಇಲ್ಲಿ ಮುಖ್ಯ.

ಎಲ್ಲವನ್ನೂ ಹಿಡಿದು ದೊಡ್ಡ ಕಾಡಿಗೆ ಬಿಟ್ಟರೆ ಮುಗಿಯಿತಲ್ಲ?

ಪ್ರತಿ ಸಭೆಯಲ್ಲೂ ಏಳುವ ಬೇಡಿಕೆ ಇದು, ಮನೆಯವರನ್ನು ಕಳೆದುಕೊಂಡವರು ಕೇಳಿದಾಗ ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರೆ ಇದನ್ನು ಒಮ್ಮೆ ಮಾಡಿ ನೋಡಿದ್ದಾಗಿದೆ. ಹೈಕೋರ್ಟ್ ನಿರ್ದೇಶನದ ಮೇಲೆ ರಚನೆಯಾದ, ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗಳ ಸಂರಕ್ಷಣೆಗೆ ಒಂದು ವಲಯ, ಆನೆ–ಮನುಷ್ಯ ಇಬ್ಬರೂ ಇರಬೇಕಾದ ಒಂದು ವಲಯ, ಆನೆಗಳನ್ನು ತೆರವು ಮಾಡಬೇಕಾದ ಒಂದು ವಲಯ ಎಂದು ರಾಜ್ಯವನ್ನು ನೋಡಬೇಕು ಎಂದಿತು. ಆಲೂರು ಭಾಗ ಮೂರನೆಯದಕ್ಕೆ ಬಂತು. 2014ರ ಸುಮಾರಿಗೆ ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಒಂದಷ್ಟು ಕಾಲ ಉಸಿರಾಡಿದ ಹಾಗಾಯಿತು, ಆಮೇಲೆ ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ತೋಟ, ಕೆರೆ, ಗದ್ದೆ ಹಾಗೇ ಇದ್ದ ಮೇಲೆ ಬಾರದೆ ಇನ್ನೇನು?

ಸಾಗಿಸಿದ ಆನೆ ಬಿಟ್ಟಲ್ಲೇ ಇರುತ್ತದೆ ಎನ್ನುವುದೂ ಖಾತ್ರಿಯಿಲ್ಲ. ಶ್ರೀಲಂಕಾದಲ್ಲಿ ಹೀಗೆ ಸಾಗಿಸಿದ 12 ಗಂಡಾನೆಗಳಿಗೆ, ಇರುವ ಜಾಗ ತಿಳಿಸುವ ಕಾಲರ್ ಹಾಕಿ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕೆಲವು ಹಳೆಯ ಜಾಗಕ್ಕೇ ಮರಳಿದವು, ಕೆಲವು ಊರಿಂದೂರಿಗೆ ಅಲೆದವು, ಹೊಸ ಜಾಗದಲ್ಲೂ ಗಲಾಟೆ ಶುರುವಾಯಿತು.

ಹಿಡಿಯುವ ಕೆಲಸದ ಬೆಲೆಯೂ ನೆನಪಿರಲಿ. ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಂದಿಗೆ ಕಾದಾಡುತ್ತಾ ಸತ್ತ. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಆಲೂರಿನ ಬಳಿ, ಅರಿವಳಿಕೆ ಮದ್ದು ಹೊಡೆಯುವುದರಲ್ಲಿ ಪಳಗಿದ ಇಲಾಖೆಯ ಸಿಬ್ಬಂದಿಯೊಬ್ಬರನ್ನೇ ಆನೆ ಕೊಂದಿತು.

ಜನರನ್ನು ಕೊಂದ ನಿರ್ದಿಷ್ಟ ಪುಂಡಾನೆಯನ್ನು ಹಿಡಿಯುವುದು ಬೇರೆ ಮಾತು, ಅದು ಬೇಕಾಗುತ್ತದೆ. ಅದಕ್ಕೂ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ವಲಯ ಅರಣ್ಯಾಧಿಕಾರಿಯನ್ನು ಘೇರಾವ್ ಮಾಡಿದರೆ ಆ ಆದೇಶ ಹುಟ್ಟುವುದಿಲ್ಲ.

ಜನ ಸಾಯುವುದು ಹೆಚ್ಚಾಗಿ ಯಾವ ಸಂದರ್ಭದಲ್ಲಿ?

ಆನೆ ಮನೆ ನುಗ್ಗಿ ಕೊಂದಿತು ಎನ್ನುವುದು ಅಪರೂಪ. ಸಾಮಾನ್ಯವಾಗಿ ಆಗುವುದು ಹೀಗೆ: ಬೆಳಗ್ಗೆ ಆರೂವರೆ–ಏಳು ಗಂಟೆ, ಮಂಜು ಇನ್ನೂ ಎದ್ದಿಲ್ಲ, ಲೈನ್ ಮನೆಯಿಂದ (ತೋಟದ ಕೆಲಸದವರ ಸಾಲು ಮನೆ) ಕೆಲಸದ ಜಾಗಕ್ಕೆ ನಡೆದು ಹೋಗುತ್ತಿದ್ದಾರೆ. ತಿರುವಿನಲ್ಲಿ ಹತ್ತು–ಹದಿನೈದು ಅಡಿಯಲ್ಲಿ ಒಂಟಿ ಸಲಗ. ಎರಡೂ ಕಡೆ ಬೆಚ್ಚಿಬೀಳುತ್ತವೆ, ಆನೆ ಮುಂದೆ ಬರುತ್ತದೆ. ಇಲ್ಲವೇ ಸಂಜೆ ಅಂಗಡಿಗೆ ಹೋಗಿ ಕತ್ತಲಲ್ಲಿ ವಾಪಸ್ ಬರುವಾಗ, ಬೈಕಿನಲ್ಲಿ ಲೈಟಿಲ್ಲದ ತಿರುವು ದಾಟುವಾಗ, ಬಹಿರ್ದೆಸೆಗೆ ಹೋದಾಗ, ರಾತ್ರಿ ಪಂಪ್‌ಸೆಟ್ ಹಾಕಲು ಹೋದಾಗ.

ಅಂದರೆ, ಆನೆ ಅಲ್ಲಿದೆ ಎಂದು ಆ ಹೊತ್ತಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಆ ದಾರಿಯಲ್ಲಿ ಯಾರೂ ಹೋಗುತ್ತಿರಲಿಲ್ಲ. ಬೇಲಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲನ್ನಾದರೂ ‘ಆನೆ ಈಗ ಎಲ್ಲಿದೆ’ ಎಂದು ತಿಳಿಸುವುದಕ್ಕೆ ಹಾಕಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ತೋಟಕ್ಕೆ ಇಳಿಯುವ ಮೊದಲು ಏನೇನು ಗಮನಿಸಬೇಕು?

ಮೊದಲು ನಿಂತು ಕೇಳಿ. ಕೊಂಬೆ ಮುರಿಯುವ ಸದ್ದು, ಕಿವಿ ಬೀಸುವ ಪಟಪಟ, ಹೊಟ್ಟೆಯೊಳಗಿನಿಂದ ಬರುವ ಗುಡುಗಿನಂಥ ಸಣ್ಣ ಸದ್ದು. ಗಾಳಿ ನಿಮ್ಮ ಕಡೆಗಿದ್ದರೆ ವಾಸನೆ ಮೊದಲೇ ಬರುತ್ತದೆ, ತೋಟದಲ್ಲಿ ಹಳಬರು ಮೂಗಿನಿಂದಲೇ ಹೇಳುತ್ತಾರೆ.

ಲದ್ದಿ ಕಂಡರೆ ದಾಟಿ ಹೋಗಬೇಡಿ, ನೋಡಿ. ಮೇಲೆ ಇನ್ನೂ ಹೊಳಪಿದ್ದು, ಕೋಲಿನಿಂದ ಬಿಡಿಸಿದರೆ ಒಳಗಿಂದ ಹಬೆ ಬಂದರೆ ಆನೆ ಹತ್ತಿರದಲ್ಲೇ ಇದೆ. ಮೇಲ್ಪದರ ಒಣಗಿ ಕಪ್ಪಾಗಿದ್ದು ಒಳಗೆ ಸಗಣಿ ಹುಳು ಓಡಾಡುತ್ತಿದ್ದರೆ ಆನೆ ಹೋಗಿ ಹೊತ್ತಾಗಿದೆ. ಹಲಸಿನ ಬೀಜ, ಭತ್ತದ ಹೊಟ್ಟು, ಒಮ್ಮೊಮ್ಮೆ ಕಾಫಿ ಬೀಜ ಕೂಡ ಕಾಣಿಸುತ್ತದೆ, ಅದರಿಂದ ರಾತ್ರಿ ಎಲ್ಲಿ ಮೇದಿದೆ ಎಂದೂ ಗೊತ್ತಾಗುತ್ತದೆ. ಹೆಜ್ಜೆ ಗುರುತಿನ ಅಂಚು ಚೂಪಾಗಿದ್ದು ಮೇಲೆ ಇಬ್ಬನಿ ಬಿದ್ದಿಲ್ಲವೆಂದರೆ ಅದು ಬೆಳಗಿನ ಹೆಜ್ಜೆ. ಮುರಿದ ಬೈನೆಯ ತಿರುಳು ಬೆಳ್ಳಗಿದ್ದರೂ ಹಾಗೆಯೇ.

ಕುಯ್ಲಿನ ದಿನಗಳಲ್ಲಿ ಕೆಲಸ ಶುರು ಮಾಡುವುದನ್ನು ಒಂದು ಗಂಟೆ ತಡ ಮಾಡಿ. ಮಾಲೀಕರಿಗೆ ಇದು ನಷ್ಟ ಅನ್ನಿಸಬಹುದು. ಮಂಜು ಎದ್ದು ಒಬ್ಬ ರೈಟರೋ (ತೋಟದ ಲೆಕ್ಕ ನೋಡುವವರು) ಮೇಸ್ತ್ರಿಯೋ ಒಂದು ಸುತ್ತು ನೋಡಿ ಬರುವವರೆಗೆ ಜನರನ್ನು ಇಳಿಸದ ತೋಟಗಳಿವೆ, ಅವುಗಳಲ್ಲಿ ಕುಯ್ಲು ಎಂದೂ ನಿಂತಿಲ್ಲ.

ಆನೆ ಎದುರಿಗೇ ಸಿಕ್ಕಿಬಿಟ್ಟರೆ?

ನಿಲ್ಲಿ, ಕೂಗಬೇಡಿ, ಮುಖ ಆನೆಯ ಕಡೆಗೇ ಇಟ್ಟು ನಿಧಾನಕ್ಕೆ ಹಿಂದೆ ಸರಿಯಿರಿ. ಕಿವಿ ಅಗಲಿಸಿ ತಲೆ ಎತ್ತಿ ಎರಡು ಹೆಜ್ಜೆ ಬಂದು ನಿಲ್ಲುವುದು ಬಹಳ ಸಲ ಬೆದರಿಕೆಯಷ್ಟೇ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಸುರುಳಿ ಸುತ್ತಿ, ಸದ್ದಿಲ್ಲದೆ ಬಂದರೆ ಅದು ಬೆದರಿಕೆಯಲ್ಲ. ಆಗ ಓಡಲೇಬೇಕು. ದಪ್ಪ ಮರಗಳ ಮರೆ ಹಿಡಿದು ಓಡಿ. ಕೈಯಲ್ಲಿರುವ ಚೀಲ, ಕಂಬಳಿ, ಕೊಡೆ ಎಸೆದರೆ ಆನೆ ಅದರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾ ನಿಲ್ಲುವುದುಂಟು. ಇಳಿಜಾರಿನಲ್ಲಿ ಓಡಿದರೆ ಆನೆಗೆ ಬರಲಾಗದು ಎಂಬ ಮಾತನ್ನು ನಂಬಿ ಯಾರೂ ಪರೀಕ್ಷೆ ಮಾಡಬೇಡಿ, ಮಲೆನಾಡಿನ ಆನೆ ಇಳಿಜಾರಿನಲ್ಲೇ ಬೆಳೆದದ್ದು.

ಮರಿ ಜೊತೆಗಿರುವ ಹಿಂಡು ಮತ್ತು ಮದ ಬಂದ ಗಂಡಾನೆ – ಈ ಎರಡರ ಹತ್ತಿರ ಯಾವ ಲೆಕ್ಕಾಚಾರವೂ ಬೇಡ. ಕಣ್ಣು–ಕಿವಿಯ ನಡುವಿನಿಂದ ಎಣ್ಣೆಯಂಥ ದ್ರವ ಇಳಿದು ಕೆನ್ನೆ ಕಪ್ಪಾಗಿದ್ದರೆ ಮದ ಬಂದಿದೆ ಎಂದು ತಿಳಿಯಿರಿ.

ಬೈಕಿನಲ್ಲಿದ್ದರೆ ದೂರದಲ್ಲೇ ನಿಲ್ಲಿಸಿ ತಿರುಗಿಸಿಕೊಳ್ಳಿ. ಹಾರನ್ ಹೊಡೆಯುವುದು, ಲೈಟ್ ಡಿಮ್–ಡಿಪ್ ಮಾಡುವುದು ಬೇಡ. ವಿಡಿಯೋ ಮಾಡುವವರ ಬಗ್ಗೆ ಬರೆದರೆ ಈ ಪುಟ ಸಾಲದು.

ಮೊಬೈಲಿಗೆ ಆನೆ ಎಚ್ಚರಿಕೆ ಸಂದೇಶ ಬರುತ್ತದಂತೆ, ಅದು ಹೇಗೆ ಕೆಲಸ ಮಾಡುತ್ತದೆ?

ಮೊದಲು ಚೆನ್ನಾಗಿ ನಡೆದದ್ದು ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ. ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನವರು ಹಿಂಡುಗಳ ಜಾಡು ಹಿಡಿದು ಎಸ್‌ಎಂಎಸ್ ಕಳಿಸುತ್ತಿದ್ದರು, ಆಯಕಟ್ಟಿನ ಜಾಗದಲ್ಲಿ ಮೊಬೈಲಿನಿಂದಲೇ ಉರಿಸಬಹುದಾದ ಕೆಂಪು ದೀಪಗಳನ್ನು ಹಾಕಿದರು. ಅಲ್ಲಿ ಸಾವು ಸ್ಪಷ್ಟವಾಗಿ ಕಡಿಮೆಯಾಯಿತು. ಅದೇ ಮಾದರಿ ಅರಣ್ಯ ಇಲಾಖೆಯ ಜೊತೆಗೂಡಿ ಹಾಸನಕ್ಕೆ ಬಂತು: ಎಸ್‌ಎಂಎಸ್, ಧ್ವನಿ ಕರೆ, ರಸ್ತೆ ಬದಿಯ ಎಲ್‌ಇಡಿ ಫಲಕ. ಈಗ ಇಲಾಖೆಯ ಆನೆ ಕಾರ್ಯಪಡೆಯ (2012ರಲ್ಲಿ ವರದಿ ಕೊಟ್ಟ ಕಾರ್ಯಪಡೆಯಲ್ಲ, ಅದು ಬೇರೆ) ಸಿಬ್ಬಂದಿ ಹಗಲೂ ರಾತ್ರಿ ಹಿಂಡುಗಳ ಹಿಂದೆ ಇರುತ್ತಾರೆ, ಬೆಳಗ್ಗೆ ಸಂಜೆ ವಾಟ್ಸ್‌ಆ್ಯಪ್ ಗುಂಪುಗಳಿಗೆ ಮಾಹಿತಿ ಹಾಕುತ್ತಾರೆ. ನಿಮ್ಮ ನಂಬರ್ ಸೇರಿಲ್ಲದಿದ್ದರೆ ವಲಯ ಕಚೇರಿಯಲ್ಲಿ ಕೇಳಿ ಸೇರಿಸಿಕೊಳ್ಳಿ. ತುರ್ತಿಗೆ ಅರಣ್ಯ ಇಲಾಖೆಯ ಸಹಾಯವಾಣಿ 1926.

ಕೆಲವು ಹಿಂಡಿನ ಹಿರಿಯ ಹೆಣ್ಣಾನೆಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಬೀಟಮ್ಮ ಎಂಬ ಆನೆಯ ಗುಂಪು ಎಲ್ಲಿದೆ ಎಂದು ಬೇಲೂರು–ಚಿಕ್ಕಮಗಳೂರು ಕಡೆಯವರಿಗೆ ಬಾಯಿಪಾಠವಾದದ್ದು ಹೀಗೇ. ಆದರೆ ಕಾಲರ್ ಇರುವುದು ಒಂದು ಆನೆಗೆ. ಗಂಡಾನೆಗಳು ಹದಿನೈದರ ಆಸುಪಾಸಿನಲ್ಲಿ ಹಿಂಡು ಬಿಟ್ಟು ತಮ್ಮ ಪಾಡಿಗೆ ಓಡಾಡುತ್ತವೆ, ಹೆಚ್ಚು ಅಪಾಯ ಅವುಗಳಿಂದಲೇ. ಸಂದೇಶ ಬಂದಿಲ್ಲ ಎಂದರೆ ಆನೆ ಇಲ್ಲ ಎಂದರ್ಥವಲ್ಲ.

ನಮ್ಮ ತೋಟದಲ್ಲಿ ಅಸ್ಸಾಂ ಕಡೆಯ ಕೆಲಸದವರೇ ಜಾಸ್ತಿ. ಅವರಿಗೆ ಕನ್ನಡ ಬರುವುದಿಲ್ಲ. ಏನು ಮಾಡುವುದು?

ಇದನ್ನು ಕೇಳುವ ಮಾಲೀಕರು ಇನ್ನೂ ಕಡಿಮೆ, ಹೆಚ್ಚಾಗಲಿ. ಇವರು ನಿನ್ನೆ ಬಂದವರು, ಯಾವ ಬೋರೆಯಲ್ಲಿ ಆನೆ ನಿಲ್ಲುತ್ತದೆ, ಯಾವ ಕಂಡಿಯಲ್ಲಿ ದಾಟುತ್ತದೆ ಎಂದು ತಿಳಿಯದವರು. ಸಂದೇಶ ಬರುವುದು ಕನ್ನಡದಲ್ಲಿ, ಅದೂ ಮಾಲೀಕರ ಮೊಬೈಲಿಗೆ. ಗುಂಪಿನಲ್ಲಿ ಹಿಂದಿ ಅಥವಾ ಅಸ್ಸಾಮಿ ಬಲ್ಲ ಒಬ್ಬರನ್ನು ಗೊತ್ತು ಮಾಡಿ, ಅವರ ನಂಬರಿಗೆ ಧ್ವನಿ ಸಂದೇಶ ಹೋಗುವಂತೆ ಮಾಡಿ. ಲೈನ್ ಮನೆಗೆ ಶೌಚಾಲಯ ಮತ್ತು ಹೊರಗೊಂದು ದೀಪ ಇಲ್ಲದಿದ್ದರೆ ಅದನ್ನು ಮೊದಲು ಹಾಕಿಸಿ. ಅದರ ಖರ್ಚು ಯಾವ ಬೇಲಿಗಿಂತಲೂ ಕಡಿಮೆ.

ಆನೆ ಕಂದಕ ತೋಡಿಸಿದರೆ ಸಾಕೇ?

ಸುಮಾರು ಮೂರು ಮೀಟರ್ ಅಗಲ, ಮೂರು ಮೀಟರ್ ಆಳ ತೋಡಿದ ಕಂದಕ ಹೊಸದರಲ್ಲಿ ಆನೆಯನ್ನು ತಡೆಯುತ್ತದೆ. ಒಣ ಸೀಮೆಯಲ್ಲಿ, ಗಟ್ಟಿ ಮಣ್ಣಿನಲ್ಲಿ ಬಾಳಿಕೆಯೂ ಬರುತ್ತದೆ. ಮಲೆನಾಡಿನಲ್ಲಿ ಎರಡು ಮಳೆಗಾಲದಲ್ಲಿ ಅಂಚು ಕುಸಿಯುತ್ತದೆ, ಆನೆ ಕಾಲಿನಿಂದ ಮಣ್ಣು ಒದ್ದು ಇಳಿಜಾರು ಮಾಡಿಕೊಳ್ಳುತ್ತದೆ. ತೊರೆ ಬಂದಲ್ಲಿ, ಬಂಡೆ ಸಿಕ್ಕಲ್ಲಿ ಕಂದಕ ನಿಲ್ಲುತ್ತದೆ, ಆನೆಗೆ ಆ ಒಂದು ಕಂಡಿ ಸಾಕು. ದನ ಹೊಡೆದುಕೊಂಡು ಹೋಗಲು ನಾವೇ ಮುಚ್ಚಿದ ಜಾಗಗಳ ಲೆಕ್ಕ ಬೇರೆ.

ಸೋಲಾರ್ ಬೇಲಿ?

ನೋಡಿಕೊಳ್ಳುವವರಿದ್ದರೆ ಒಳ್ಳೆಯದು. ಎನರ್ಜೈಸರ್‌ನಿಂದ (ತಂತಿಗೆ ಕರೆಂಟು ಬಿಡುವ ಪೆಟ್ಟಿಗೆ) ಕ್ಷಣಮಾತ್ರದ ಹೊಡೆತ ಬಿಟ್ಟು ಬಿಟ್ಟು ಬರುತ್ತದೆ, ಆನೆ ಬೆಚ್ಚುತ್ತದೆ, ಸಾಯುವುದಿಲ್ಲ. ಆದರೆ ದಂತದಲ್ಲಿ ಕರೆಂಟು ಹರಿಯದು ಎಂದು ಸಲಗಗಳು ಬೇಗ ಕಲಿಯುತ್ತವೆ. ದಂತದಿಂದ ತಂತಿ ಕೀಳುತ್ತವೆ, ಕಂಬ ಉರುಳಿಸುತ್ತವೆ, ಒಣ ಮರ ತಂದು ಬೇಲಿಯ ಮೇಲೆ ಕೆಡವುತ್ತವೆ. ಇದಕ್ಕಾಗಿಯೇ ಬಂದದ್ದು ತೂಗು ಬೇಲಿ. ಎತ್ತರದ ಕಂಬಗಳ ನಡುವಿನ ತಂತಿಯಿಂದ ಸಣ್ಣ ತಂತಿಗಳು ಪರದೆಯ ಹಾಗೆ ಇಳಿಬಿದ್ದಿರುತ್ತವೆ, ಕಂಬಕ್ಕೆ ಸೊಂಡಿಲು ಹಾಕುವ ಮೊದಲೇ ಮುಖಕ್ಕೆ ತಾಗುತ್ತವೆ. ಸದ್ಯ ಸಿಗುವವುಗಳಲ್ಲಿ ಸಣ್ಣ ಬೆಳೆಗಾರರಿಗೆ ನಾವು ಹೇಳುವುದು ಇದನ್ನೇ.

ಯಾವ ಸೋಲಾರ್ ಬೇಲಿಯಾದರೂ ಕಳೆ, ಬಳ್ಳಿ ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಇಳಿದು ಹೋಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಬೇಲಿಯುದ್ದಕ್ಕೂ ಸವರಬೇಕು. ಹತ್ತು ಜನರ ಬೇಲಿಯಲ್ಲಿ ಒಬ್ಬರು ಸವರದಿದ್ದರೆ ಉಳಿದ ಒಂಬತ್ತು ಜನರದ್ದೂ ಬರೀ ತಂತಿಯೇ. ಸಬ್ಸಿಡಿ ಕೇಳುವಾಗ ಒಟ್ಟಾಗುವ ಊರು ಬ್ಯಾಟರಿ ಬದಲಿಸುವಾಗ ಚದುರುತ್ತದೆ, ಇದು ಎಲ್ಲ ಕಡೆಯ ಕಥೆ.

ರೈಲು ಕಂಬಿ ತಡೆಗೋಡೆ ಎಲ್ಲ ಕಡೆ ಹಾಕಬಾರದೇ?

ಕಿಲೋಮೀಟರಿಗೆ ಕೋಟಿಗೂ ಮೀರಿದ ಖರ್ಚು. ನಾಗರಹೊಳೆ, ಬಂಡೀಪುರದಂಥ ಒಂದೇ ಗೆರೆಯ ಕಾಡಂಚಿಗೆ ಅದು ಹೊಂದುತ್ತದೆ, ಅಲ್ಲಿ ಬೆಳೆ ಉಳಿದದ್ದೂ ನಿಜ. ಅಲ್ಲೂ ಕೆಲವು ಆನೆಗಳು ಹತ್ತಿ ದಾಟುವುದನ್ನು ಕಲಿತಿವೆ. 2018ರ ಡಿಸೆಂಬರ್‌ನಲ್ಲಿ ವೀರನಹೊಸಹಳ್ಳಿ ಬಳಿ ಒಂದು ಸಲಗ ಹಾಗೆ ದಾಟುವಾಗ ಕಂಬಿಗೆ ಸಿಕ್ಕಿ ಸತ್ತಿತು. ಆಲೂರು, ಸಿದ್ದಾಪುರದಂಥ ಕಡೆ ತೋಟ–ಕಾಡು–ಗದ್ದೆ ಎಲ್ಲ ಬೆರೆತಿದೆ, ಗೋಡೆಯ ಯಾವ ಕಡೆ ಆನೆ, ಯಾವ ಕಡೆ ನಾವು ಎಂದು ಮೊದಲು ತೀರ್ಮಾನವಾಗಬೇಕು.

ಮನೆ ಲೈನಿನಿಂದಲೇ ತಂತಿಗೆ ಕರೆಂಟು ಕೊಟ್ಟರೆ?

ಕೊಡಬೇಡಿ. ಆ ತಂತಿಗೆ ಮೊದಲು ಸಿಗುವುದು ಪಕ್ಕದ ಮನೆಯ ಹುಡುಗನೋ ನಿಮ್ಮದೇ ದನವೋ ಆಗಿರಬಹುದು. ಆನೆ ಸತ್ತರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ವಿದ್ಯುತ್ ಕಳ್ಳತನದ ಕೇಸು ಬೇರೆ.

ಪಟಾಕಿ ಹೊಡೆದು ಓಡಿಸುವುದರಲ್ಲಿ ತಪ್ಪೇನು?

ತಪ್ಪು–ಸರಿಗಿಂತ ಉಪಯೋಗದ ಮಾತು ನೋಡಿ. ನಿಮ್ಮ ತೋಟದಿಂದ ಓಡಿದ ಹಿಂಡು ಪಕ್ಕದ ತೋಟದಲ್ಲಿ ನಿಲ್ಲುತ್ತದೆ, ಅಲ್ಲಿನವರು ಇತ್ತ ಓಡಿಸುತ್ತಾರೆ. ಗಾಬರಿಯಾದ ಆನೆ ಮೇಯುವಾಗ ಮುರಿಯುವುದಕ್ಕಿಂತ ಓಡುವಾಗ ಮುರಿಯುವ ಕಾಫಿ ಗಿಡವೇ ಜಾಸ್ತಿ. ಮುರಿದ ರೊಬಸ್ಟಾ ಗಿಡದ ಜಾಗದಲ್ಲಿ ಹೊಸದು ಫಸಲಿಗೆ ಬರಲು ವರ್ಷಗಳೇ ಬೇಕು. ಬಂದೂಕಿನಿಂದ ಚರೆ ಹೊಡೆಯುವವರಿದ್ದಾರೆ. ಆ ಗಾಯ ಕೀವುಗಟ್ಟಿ ನರಳುವ ಆನೆ ಆಮೇಲೆ ಕಂಡವರ ಮೇಲೆಲ್ಲ ಹಾಯುತ್ತದೆ. ಓಡಿಸಲೇಬೇಕಾದರೆ ಇಲಾಖೆಯ ತಂಡ, ಅಕ್ಕಪಕ್ಕದ ಊರಿಗೆ ಮೊದಲೇ ಸುದ್ದಿ, ಗೊತ್ತಾದ ಒಂದು ದಿಕ್ಕು – ಈ ಮೂರೂ ಇರಲಿ. ಬಂಡೀಪುರದ ಕಡೆ ಹೊಲದಲ್ಲಿ ಅಟ್ಟಣೆ ಕಟ್ಟಿ ಕಾವಲಿರುವ ಪದ್ಧತಿ ಇನ್ನೂ ಕೆಲಸ ಮಾಡುತ್ತದೆ, ಆನೆ ಹೊಲದೊಳಗೆ ಇಳಿಯುವ ಮೊದಲೇ ಗೊತ್ತಾದರೆ ಮಾತ್ರ.

ಜೇನು, ಮೆಣಸಿನ ಹೊಗೆ ಇವೆಲ್ಲ ನಡೆಯುತ್ತವೆಯೇ?

ಜೇನಿಗೆ ಆನೆ ಹೆದರುವುದು ನಿಜ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಮಾರ್ಚ್‌ನಲ್ಲಿ ಕೊಡಗಿನ ನಾಗರಹೊಳೆ ಅಂಚಿನಲ್ಲಿ ಜೇನುಪೆಟ್ಟಿಗೆಯ ಬೇಲಿ ಶುರು ಮಾಡಿತು. ನಮ್ಮ ಜಡಿಮಳೆಯಲ್ಲಿ ಜೇನು ಪೆಟ್ಟಿಗೆಯಲ್ಲಿ ಉಳಿಯುವುದೇ ಕಷ್ಟ, ರಾತ್ರಿ ಹೊತ್ತು ಅದು ಹೊರಗೆ ಬರುವುದೂ ಕಡಿಮೆ. ಕಾಫಿ ಹೂವಿನ ಕಾಲದಲ್ಲಿ ತುಪ್ಪ ಸಿಕ್ಕರೆ ಲಾಭ, ಬೇಲಿ ಎಂದು ನೆಚ್ಚಬೇಡಿ. ಮೆಣಸಿನ ಹೊಗೆ ಗಾಳಿ ಬೀಸಿದತ್ತ.

ಹಲಸಿನ ಮರ ಕಡಿದರೆ ಆನೆ ಬರುವುದು ನಿಲ್ಲುತ್ತದೆಯೇ?

ಮರ ಕಡಿದರೆ ನೆರಳು ಹೋಗುತ್ತದೆ, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯೂ ಹೋಗುತ್ತದೆ. ಮನೆ, ಲೈನ್ ಮನೆ, ಕಾಲುದಾರಿಯ ಹತ್ತಿರದ ಮರಗಳಲ್ಲಿ ಹಲಸು ಎಳೆಯದಿರುವಾಗಲೇ ಇಳಿಸಿ, ಅಷ್ಟು ಸಾಕು. ಮನೆಯ ಮಗ್ಗುಲಲ್ಲಿ ಬಾಳೆ ಹಾಕುವುದನ್ನು ಬಿಡಿ. ಭತ್ತ, ಅಕ್ಕಿ, ಹಿಂಡಿ, ಉಪ್ಪನ್ನು ಶೀಟಿನ ಶೆಡ್ಡಿನಲ್ಲಿ ಇಡಬೇಡಿ, ಆನೆ ಗೋಡೆ ಒಡೆಯುವುದು ಇದರ ವಾಸನೆಗೇ.

ಬೆಳೆ ಪರಿಹಾರಕ್ಕೆ ಹೇಗೆ ಅರ್ಜಿ ಹಾಕಬೇಕು?

ನಷ್ಟ ಕಂಡ ದಿನವೇ ಉಪ ವಲಯ ಅರಣ್ಯಾಧಿಕಾರಿಗೆ ಫೋನು ಮಾಡಿ, ಫೋಟೋ ತೆಗೆದಿಡಿ. ಅವರು ಬಂದು ಮಹಜರು ಮಾಡುವವರೆಗೆ ಮುರಿದ ಗಿಡ ಎತ್ತಬೇಡಿ. ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿ ಬೇಕು. ಅರ್ಜಿ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಸೇರಬೇಕು, ಅರ್ಜಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಮಹಜರಿನಲ್ಲಿ ಎಷ್ಟು ಗಿಡ, ಯಾವ ವಯಸ್ಸಿನದ್ದು ಎಂದು ಸರಿಯಾಗಿ ಬರೆದಿದ್ದಾರೆಯೇ ಓದಿಯೇ ಸಹಿ ಹಾಕಿ. ದರಪಟ್ಟಿಯಲ್ಲಿ ಸಿಗುವ ಹಣ ನಿಜವಾದ ನಷ್ಟಕ್ಕೆ ಸಮನಾಗದು, ಆದರೂ ಅರ್ಜಿ ಹಾಕಿ. ನಿಮ್ಮ ಊರಲ್ಲಿ ಎಷ್ಟು ನಷ್ಟವಾಗಿದೆ ಎಂದು ಸರ್ಕಾರ ನೋಡುವುದು ಈ ಅರ್ಜಿಗಳಲ್ಲೇ.

ಗುತ್ತಿಗೆಗೆ ಗದ್ದೆ ಮಾಡುತ್ತೇನೆ, ಪಹಣಿ ನನ್ನ ಹೆಸರಲ್ಲಿಲ್ಲ.

ಹಣ ಪಹಣಿಯಲ್ಲಿರುವವರ ಖಾತೆಗೇ ಹೋಗುತ್ತದೆ. ಗದ್ದೆ ಹಿಡಿಯುವಾಗಲೇ, ಆನೆ ಪರಿಹಾರ ಬಂದರೆ ಯಾರಿಗೆ ಎಷ್ಟು ಎಂದು ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ನೆಂಟರಾದರೂ ಸರಿ.

ವಿಮೆ ಇದೆಯೇ?

ಕಾಡುಪ್ರಾಣಿಗಳಿಂದಾದ ಬೆಳೆ ನಷ್ಟವನ್ನು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಹೆಚ್ಚುವರಿ ರಕ್ಷಣೆಯಾಗಿ 2026ರ ಮುಂಗಾರಿನಿಂದ ಸೇರಿಸುವುದಾಗಿ ಕೇಂದ್ರ 2025ರ ನವೆಂಬರ್‌ನಲ್ಲಿ ಹೇಳಿತು. ಯಾವ ಪ್ರಾಣಿ, ಯಾವ ಜಿಲ್ಲೆ ಎಂದು ಅಧಿಸೂಚನೆ ಹೊರಡಿಸಬೇಕಾದದ್ದು ರಾಜ್ಯ. ನಷ್ಟವಾದ 72 ಗಂಟೆಯೊಳಗೆ ಬೆಳೆ ವಿಮೆ ಆ್ಯಪ್‌ನಲ್ಲಿ ಫೋಟೋ ಸಮೇತ ತಿಳಿಸಬೇಕು. ಭತ್ತ, ರಾಗಿ, ಜೋಳದವರು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಆನೆ ದಾಳಿಯಲ್ಲಿ ಸಾವಾದರೆ ಕುಟುಂಬ ಏನು ಮಾಡಬೇಕು?

ಪರಿಹಾರ 2022ರ ಕೊನೆಯಲ್ಲಿ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿತು, ಆಮೇಲೆ 20 ಲಕ್ಷವಾಯಿತು. ಇದಲ್ಲದೆ ಕುಟುಂಬಕ್ಕೆ ತಿಂಗಳ ಪಿಂಚಣಿಯೂ ಉಂಟು. ಪೊಲೀಸ್ ದೂರು ಮತ್ತು ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಏನೂ ಮುಂದೆ ಹೋಗದು. ದುಃಖದಲ್ಲಿ ಶವ ಮನೆಗೆ ತಂದು ಸಂಸ್ಕಾರ ಮುಗಿಸಿದ ಕುಟುಂಬಗಳು ಆಮೇಲೆ ಕಚೇರಿ ಅಲೆಯುವಂತಾಗುತ್ತದೆ. ವಂಶವೃಕ್ಷ, ಬ್ಯಾಂಕ್ ಖಾತೆ ಹೊಂದಿಸುವುದಕ್ಕೆ ಊರಿನ ಯಾರಾದರೂ ಒಬ್ಬರು ಜೊತೆ ನಿಲ್ಲಿ. ಹೊರ ರಾಜ್ಯದ ಕೂಲಿಯವರಾದರೆ ಈ ಕಾಗದಗಳು ಅವರ ಊರಿನಿಂದ ಬರಬೇಕು, ಅದನ್ನು ತರಿಸುವುದು ತೋಟದವರ ಕೆಲಸವೆಂದೇ ತಿಳಿಯಿರಿ. ಗಾಯಗೊಂಡವರಿಗೂ ಚಿಕಿತ್ಸೆಯ ನೆರವಿದೆ, ಆಸ್ಪತ್ರೆಯ ಬಿಲ್ಲು ಎಸೆಯಬೇಡಿ.

ಮಕ್ಕಳು ಶಾಲೆಗೆ ಎರಡು ಕಿಲೋಮೀಟರ್ ತೋಟದ ದಾರಿಯಲ್ಲೇ ನಡೆಯಬೇಕು.

ಹಿಂಡು ಆ ಭಾಗದಲ್ಲಿರುವ ದಿನ ಇಲಾಖೆಯ ಜೀಪು ಮಕ್ಕಳನ್ನು ಬಿಟ್ಟು ಬಂದ ಉದಾಹರಣೆಗಳಿವೆ, ಕೇಳಲು ಸಂಕೋಚ ಬೇಡ. ಅದಾಗದಿದ್ದರೆ ದೊಡ್ಡವರೊಬ್ಬರು ಮುಂದೆ, ಮಕ್ಕಳು ಒಟ್ಟಾಗಿ ಹಿಂದೆ. ಅಂಥ ದಿನ ತಡವಾಗಿ ಬಂದ ಮಕ್ಕಳನ್ನು ಹೊರಗೆ ನಿಲ್ಲಿಸಬಾರದೆಂದು ಮೇಷ್ಟ್ರಿಗೆ ಮೊದಲೇ ಹೇಳಿಡಿ.

ನಾಯಿ ಜೊತೆಗಿದ್ದರೆ ಆನೆ ಇರುವುದು ಮೊದಲೇ ಗೊತ್ತಾಗುತ್ತದಲ್ಲವೇ?

ಗೊತ್ತಾಗುತ್ತದೆ. ಆದರೆ ನಾಯಿ ಬೊಗಳುತ್ತಾ ಆನೆಯ ಹತ್ತಿರ ಹೋಗುತ್ತದೆ, ಆನೆ ಅಟ್ಟಿಸಿಕೊಂಡು ಬಂದಾಗ ಓಡಿ ಬರುವುದು ನಿಮ್ಮ ಕಾಲಬುಡಕ್ಕೇ. ಆನೆಯಿರುವ ದಿನಗಳಲ್ಲಿ ನಾಯಿಯನ್ನು ಮನೆಯಲ್ಲೇ ಕಟ್ಟಿಹಾಕಿ ಹೋಗಿ.